ಎಡಗಾಲಿಗೆ ಬುದ್ಧಿ ಬಂದ ಕಥೆ

ನಮ್ಮ ಊರುಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ಒಂದೆರಡು ಮನೆ ಬಿಟ್ಟರೆ ಮತ್ತೊಂದು ಮನೆಯ ಅಂಗಳದಲ್ಲಿ ಕವರ್ ಹೊದ್ದು ಮಲಗಿದ ಕಾರು ಕಾಣಸಿಗುತ್ತದೆ. ಅದರ ಮಾಲಕ ಜುಬೈಲಿನಲ್ಲೋ ದುಬೈಯಲ್ಲೋ ಇರುತ್ತಾನೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಕಾರು ಓಡಿದ್ದೇ ಓಡಿದ್ದು. ಮದುವೆ, ಬೀಗರ ಮನೆ, ಸಮುದ್ರ ಬದಿ, ಆಸ್ಪತ್ರೆ. ಅವನು ವಿಮಾನ ಹತ್ತಿದ ಮರುದಿನ ಪುನಃ ಕವರ್. ಕೀ ಮಾತ್ರ ಒಳಕೋಣೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಾ ಇರುತ್ತದೆ. ಮನೆಯಲ್ಲಿ ಇರುವವರಿಗೆ ಕಾರು ಉಂಟು, ಓಡಿಸ್ಲಿಕ್ಕೆ ಬರುವುದಿಲ್ಲ.

ನಮ್ಮ ಮನೆಯ ಕಥೆಯೂ ಇದೇ ಆಗಿತ್ತು. ಕಾರು ನನ್ನ ತಮ್ಮನದ್ದು. ಹೊಸದೇನಲ್ಲ, ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಗಾಡಿ. ಹೋಗುವಾಗ ಅವನು ಒಂದು ಕೆಲಸ ಹೇಳಿ ಹೋಗಿದ್ದ. "ಕಾಕ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಇಡಿ, ಇಲ್ಲದಿದ್ದರೆ ಬ್ಯಾಟರಿ ಡೌನ್ ಆಗ್ತದೆ." ಅಷ್ಟು ನನಗೆ ಗೊತ್ತಿತ್ತು. ಬಾಗಿಲು ತೆಗೆದು, ಒಂದು ಕಾಲು ಹೊರಗೆ ಇಟ್ಟುಕೊಂಡೇ ಕೀ ತಿರುಗಿಸುವುದು, ಎಂಜಿನ್ ಶಬ್ದ ಬಂದ ಮೇಲೆ ಹೊರಗೆ ನಿಂತು ನೋಡುವುದು. ಒಂದು ಶುಕ್ರವಾರ ಬೆಳಿಗ್ಗೆ ನಾನು ಹಾಗೆ ಕೀ ತಿರುಗಿಸಿದೆ ನೋಡಿ, ಕಾರು ಆಡಿನ ಮರಿ ಹಾರಿದ ಹಾಗೆ ಮುಂದಕ್ಕೆ ಹಾರಿತು. ಬಾವಿಕಟ್ಟೆಯ ಹತ್ತಿರ ಇದ್ದ ಪ್ಲಾಸ್ಟಿಕ್ ಬಕೆಟ್ ಪುಡಿ. ಕಟ್ಟೆಗೆ ತಾಗಲಿಕ್ಕೆ ಒಂದು ಗೇಣು ಬಾಕಿ. ಯಾರೋ ಮಕ್ಕಳು ಒಳಗೆ ಕೂತು ಆಟ ಆಡುವಾಗ ಗೇರ್ ಹಾಕಿ ಹೋಗಿದ್ದರು. ನ್ಯೂಟ್ರಲ್ ಎಂದರೆ ಎಂತ, ಕ್ಲಚ್ ಒತ್ತದೆ ಕೀ ಯಾಕೆ ತಿರುಗಿಸಬಾರದು ಎಂಬುದು ನನಗೆ ಗೊತ್ತೇ ಇರಲಿಲ್ಲ. ಆ ಬಕೆಟ್ ಜಾಗದಲ್ಲಿ ನನ್ನ ಸಣ್ಣ ಮಗಳು ನಿಂತಿರುತ್ತಿದ್ದರೆ ಎಂಬ ಯೋಚನೆ ಇವತ್ತಿಗೂ ಬಂದರೆ ಕೈ ತಣ್ಣಗಾಗುತ್ತದೆ. ಅಂದಿನಿಂದ ನಾನು ಆ ಕೀ ಮುಟ್ಟುವುದನ್ನೇ ಬಿಟ್ಟೆ. ಬ್ಯಾಟರಿ ಡೌನ್ ಆದರೆ ಆಗಲಿ ಎಂದು ಸುಮ್ಮನಾದೆ.

ಆಮೇಲೆ ಬಂದದ್ದು ಆ ರಾತ್ರಿ. ಆಟಿ ತಿಂಗಳ ಮಳೆ, ಕರೆಂಟ್ ಇಲ್ಲ. ಉಮ್ಮನಿಗೆ ದಮ್ಮಿನ ಕಾಯಿಲೆ ಮೊದಲಿನಿಂದಲೂ ಉಂಟು. ಆವತ್ತು ಒಂದೂವರೆ ಗಂಟೆಗೆ ಎದ್ದು ಕೂತವರಿಗೆ ಉಸಿರು ಮೇಲೆ ಬರುತ್ತಿಲ್ಲ. ಪಂಪ್ ಎಳೆದರೂ ಪ್ರಯೋಜನ ಆಗಲಿಲ್ಲ. ಗೊತ್ತಿದ್ದ ಮೂರು ರಿಕ್ಷಾದವರಿಗೆ ಫೋನ್ ಮಾಡಿದೆ, ಒಬ್ಬರದ್ದು ಸ್ವಿಚ್ ಆಫ್, ಇಬ್ಬರು ಎತ್ತಲಿಲ್ಲ. ಆ ಮಳೆಯಲ್ಲಿ ಫೋನ್ ರಿಂಗ್ ಯಾರಿಗೆ ಕೇಳುತ್ತದೆ! ಕೊನೆಗೆ ಕೊಡೆ ಹಿಡಿದು ಓಡಿ, ನಾಲ್ಕು ಮನೆ ಆಚೆಯ ಒಬ್ಬ ಹುಡುಗನನ್ನು ಎಬ್ಬಿಸಿ ಕರೆತಂದು, ಅವನು ನಮ್ಮ ಕಾರಿಗೆ ಕೂತರೆ ಬ್ಯಾಟರಿ ಸತ್ತಿತ್ತು. ಅಂಗಳದ ಇಳಿಜಾರಿನಲ್ಲಿ ತಳ್ಳಿ ಎರಡನೇ ಗೇರಿನಲ್ಲಿ ಸ್ಟಾರ್ಟ್ ಮಾಡಿದ. ದೇರಳಕಟ್ಟೆಯ ಆಸ್ಪತ್ರೆ ಮುಟ್ಟುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಆಮ್ಲಜನಕ ಹಾಕಿದ ಮೇಲೆ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, "ಇಷ್ಟು ತಡ ಯಾಕೆ ಮಾಡಿದ್ರಿ? ಗಾಡಿ ಸಿಗ್ಲಿಲ್ವಾ?" ಗಾಡಿ ಅಂಗಳದಲ್ಲೇ ಇತ್ತು ಎಂದು ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ.

ಉಮ್ಮ ಗುಣವಾಗಿ ಮನೆಗೆ ಬಂದ ವಾರವೇ ನಾನು ಎಲ್‌ಎಲ್‌ಗೆ ಅರ್ಜಿ ಹಾಕಿದೆ. ವಯಸ್ಸು ನಲವತ್ತನಾಲ್ಕು. ನನ್ನ ಜೊತೆ ಕಂಪ್ಯೂಟರ್ ಎದುರು ಕೂತವರೆಲ್ಲ ಮೀಸೆ ಈಗಷ್ಟೇ ಬಂದ ಹುಡುಗರು. ಕಲಿಯುವವರ ಈ ಲೈಸೆನ್ಸಿಗೆ ಆರು ತಿಂಗಳ ವಾಯಿದೆ. ಸಿಕ್ಕಿ ಮೂವತ್ತು ದಿನ ಕಳೆದ ಮೇಲೆಯೇ ಪಕ್ಕಾ ಲೈಸೆನ್ಸಿನ ಟೆಸ್ಟ್. ಅಷ್ಟರವರೆಗೆ ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಬೋರ್ಡ್ ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಗಾಡಿ ನಿಲ್ಲಿಸಬಲ್ಲ ಹಾಗೆ ಕೂತಿರಬೇಕು. ನಮ್ಮಲ್ಲಿ ಕೆಲವರು ಎಲ್‌ಎಲ್ ಸಿಕ್ಕಿದ ದಿನವೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸೋಮೇಶ್ವರ ಬೀಚಿಗೆ ಹೊರಡುತ್ತಾರೆ, ಅದು ಲೈಸೆನ್ಸ್ ಇಲ್ಲದ್ದಕ್ಕೆ ಸಮ. ಹದಿನೆಂಟು ತುಂಬದ ಮಗನ ಕೈಗೆ ಕೀ ಕೊಟ್ಟು "ನಮ್ಮ ಹುಡುಗ ಎಷ್ಟು ಚಂದ ಓಡಿಸ್ತಾನೆ ನೋಡಿ" ಎನ್ನುವ ತಂದೆಯರಿಗೆ ಹೇಳಬೇಕಾದದ್ದು ಬೇರೆಯೇ ಉಂಟು. ಇವತ್ತು ಬೇಡ.

ಡ್ರೈವಿಂಗ್ ಸ್ಕೂಲಿಗೆ ಮೊದಲ ದಿನ ಹೋದಾಗ ಕಾರಿನಿಂದ ಇಳಿದ ಮಾಸ್ಟ್ರನ್ನು ನೋಡಿ ನಾನು ಹಿಂದೆ ತಿರುಗಿ ಬರುವವನಿದ್ದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಮದ್ರಸದಲ್ಲಿ ಮೂರನೇ ತರಗತಿಯಲ್ಲಿ ಎರಡು ವರ್ಷ ಕೂತವನು. ಸೀನ್ ಮತ್ತು ಸ್ವಾದ್ ಅಕ್ಷರಗಳ ಉಚ್ಚಾರ ಅವನ ನಾಲಗೆಗೆ ಬೇರೆ ಬೇರೆಯಾಗಿ ಬರುತ್ತಲೇ ಇರಲಿಲ್ಲ. ಆಗ ನನಗೆ ಇಪ್ಪತ್ತೈದರ ಬಿಸಿ ರಕ್ತ, ಕೈಯಲ್ಲಿ ಬೆತ್ತ. ಉಳಿದದ್ದನ್ನು ಓದುಗರು ಊಹಿಸಿಕೊಳ್ಳಬಹುದು. ಅವನು ನನ್ನನ್ನು ನೋಡಿದ ಕೂಡಲೇ ಸಲಾಂ ಹೇಳಿ, ಡ್ರೈವರ್ ಸೀಟಿನ ಬಾಗಿಲು ತಾನೇ ತೆಗೆದು, "ಬನ್ನಿ ಉಸ್ತಾದ್, ಕೂತ್ಕೊಳ್ಳಿ" ಎಂದ. ತಾನು ಪಕ್ಕದ ಸೀಟಿನಲ್ಲಿ ಕೂತ. ಅವನ ಕಾಲಿನ ಬುಡದಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇತ್ತು. ಸ್ಕೂಲಿನ ಕಾರುಗಳಲ್ಲಿ ಹಾಗೆ ಜೋಡಿ ಪೆಡಲ್ ಇರುತ್ತದೆ. ನನಗೆ ಅದನ್ನು ನೋಡಿಯೇ ಅರ್ಧ ಧೈರ್ಯ ಬಂತು.

ಮೊದಲ ಪಾಠ ಪೆಡಲ್‌ಗಳದ್ದು. "ಇಂಗ್ಲಿಷ್ ಎ, ಬಿ, ಸಿ ಉಸ್ತಾದ್. ಆದರೆ ಬಲದಿಂದ ಎಡಕ್ಕೆ ಓದಬೇಕು. ಎಕ್ಸಲೇಟರ್, ಬ್ರೇಕ್, ಕ್ಲಚ್. ಬಲದಿಂದ ಎಡಕ್ಕೆ ಓದುವುದು ನಿಮಗೆ ಕಷ್ಟ ಆಗ್ಲಿಕ್ಕಿಲ್ಲ." ನಗದೆ ಹೇಳಿದ. ನನಗೆ ನಗು ಬಂತು. ಬಲಗಾಲಿಗೆ ಎಕ್ಸಲೇಟರ್ ಮತ್ತು ಬ್ರೇಕ್ ಎರಡೂ, ಎಡಗಾಲಿಗೆ ಕ್ಲಚ್ ಒಂದೇ. ಒಂದೇ ಕಾಲಿಗೆ ಓಡಿಸುವುದು, ನಿಲ್ಲಿಸುವುದು ಎರಡನ್ನೂ ಕೊಟ್ಟದ್ದು ಯಾಕೆಂದರೆ ಎರಡನ್ನೂ ಒಟ್ಟಿಗೆ ಒತ್ತಬಾರದು ಎಂದು. ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದಲ್ಲಿ ಊರಿ ಇಟ್ಟು, ಪಾದವನ್ನು ಮಾತ್ರ ಆಚೆ ಈಚೆ ತಿರುಗಿಸಬೇಕು. ಕಾಲನ್ನೇ ಎತ್ತಿ ಎತ್ತಿ ಇಟ್ಟರೆ ಗಾಬರಿಯಲ್ಲಿ ಬ್ರೇಕ್ ಎಂದು ಎಕ್ಸಲೇಟರನ್ನೇ ತುಳಿಯುವ ಅಪಾಯ ಉಂಟು. ಗಾಡಿ ಅಂಗಡಿಯ ಒಳಗೆ ನುಗ್ಗಿತು ಎಂಬ ಸುದ್ದಿ ಓದುತ್ತೇವಲ್ಲ, ಅದರ ಹಿಂದೆ ಹೆಚ್ಚಾಗಿ ಇದೇ ಕಥೆ. ಗಟ್ಟಿ ಹಿಮ್ಮಡಿಯ ಚಪ್ಪಲಿ, ಬಾರು ಸಡಿಲ ಇರುವ ಚಪ್ಪಲಿ ಹಾಕಿಕೊಂಡು ಕೂರಬಾರದು ಎಂದೂ ಹೇಳಿದ. ಮರುದಿನದಿಂದ ನಾನು ಕಾಲು ಹಿಡಿಯುವ ಪಟ್ಟಿ ಚಪ್ಪಲಿ ಹಾಕಿಕೊಂಡು ಹೋದೆ.

ಇನ್ನು ಕ್ಲಚ್. ನನ್ನ ಮಾನ ಕಳೆದದ್ದು ಇದೇ. ಕಾಲು ಮೆಲ್ಲ ಬಿಡಿ ಎನ್ನುತ್ತಾನೆ, ನಾನು ಬಿಡುತ್ತೇನೆ, ಕಾರು ಎರಡು ಸಲ ಕುಪ್ಪಳಿಸಿ ಆಫ್. ಸೆಲ್ಫ್ ಹೊಡೆ, ಪುನಃ ಬಿಡು, ಪುನಃ ಆಫ್. ಮೈದಾನದಲ್ಲಿ ಕ್ರಿಕೆಟ್ ಆಡುವ ಮಕ್ಕಳಲ್ಲಿ ನನ್ನ ಈಗಿನ ವಿದ್ಯಾರ್ಥಿಗಳೂ ಇದ್ದರು. ಅವರು ಬ್ಯಾಟ್ ಕೆಳಗಿಟ್ಟು ನಮ್ಮನ್ನು ನೋಡಲಿಕ್ಕೆ ಶುರು ಮಾಡಿದರು. ಮೊದಲ ದಿನ ಹನ್ನೊಂದು ಸಲ ಆಫ್ ಆಯಿತು. ಲೆಕ್ಕ ಇಟ್ಟದ್ದು ಆ ಮಕ್ಕಳು.

ಆಫ್ ಯಾಕೆ ಆಗುತ್ತದೆ ಎಂದು ನನಗೆ ಅರ್ಥ ಆಗದೆ ಕಾಲು ಪಳಗುವುದಿಲ್ಲ ಎಂದು ಅವನಿಗೆ ಗೊತ್ತಾಯಿತೋ ಏನೋ, ಮೂರನೇ ದಿನ ಗಾಡಿಯನ್ನು ಬದಿಗೆ ನಿಲ್ಲಿಸಿ ವಿವರಿಸಿದ. ಅವನು ಹೇಳಿದ್ದನ್ನು ನಾನು ನನ್ನದೇ ಭಾಷೆಯಲ್ಲಿ ಹೀಗೆ ಹೇಳುತ್ತೇನೆ. ಮದ್ರಸದ ಅಂಗಳದಲ್ಲಿ ಒಬ್ಬ ಹುಡುಗ ಸುತ್ತ ಓಡುತ್ತಾ ಇದ್ದಾನೆ, ಅವನು ಎಂಜಿನ್. ಇನ್ನೊಬ್ಬ ಸುಮ್ಮನೆ ನಿಂತಿದ್ದಾನೆ, ಅವನು ಚಕ್ರ. ಓಡುವವನು ನಿಂತವನ ಕೈಯನ್ನು ಫಕ್ಕನೆ ಹಿಡಿದು ಎಳೆದರೆ ಇಬ್ಬರೂ ಬೀಳುತ್ತಾರೆ. ಕೈಗೆ ಕೈ ಸವರಿದ ಹಾಗೆ ಮಾಡಿ, ನಿಂತವನು ಎರಡು ಹೆಜ್ಜೆ ಹಾಕಿದ ಮೇಲೆ ಬಿಗಿಯಾಗಿ ಹಿಡಿದರೆ ಇಬ್ಬರೂ ಓಡುತ್ತಾರೆ. ಎಂಜಿನ್ ಬದಿಯಲ್ಲಿ ತಿರುಗುವ ಭಾರದ ಚಕ್ರ ಒಂದು ಉಂಟು, ಅದಕ್ಕೆ ಫ್ಲೈವೀಲ್ ಎನ್ನುತ್ತಾರೆ. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್ ಇರುತ್ತದೆ, ಅದು ಗೇರ್ ಬಾಕ್ಸಿನ ಮೂಲಕ ಚಕ್ರಕ್ಕೆ ಜೋಡಣೆ. ಪೆಡಲ್ ಒತ್ತಿದರೆ ಎರಡೂ ಬೇರೆ. ಬಿಡುತ್ತಾ ಬಂದರೆ ಮೊದಲು ಉಜ್ಜಿಕೊಳ್ಳುತ್ತವೆ, ಆಮೇಲೆ ಒಂದಾಗುತ್ತವೆ. ಆ ಉಜ್ಜುವ ಜಾಗವೇ ಎಲ್ಲರೂ ಹೇಳುವ ಹಾಫ್ ಕ್ಲಚ್.

ಆ ಜಾಗ ಎಲ್ಲಿ ಉಂಟು ಎಂದು ಕಣ್ಣಿಗೆ ಕಾಣುವುದಿಲ್ಲ. ಒಂದೊಂದು ಗಾಡಿಯಲ್ಲಿ ಒಂದೊಂದು ಎತ್ತರ. ಆದರೆ ಅಲ್ಲಿಗೆ ಕಾಲು ಬಂದಾಗ ಎಂಜಿನ್ ಶಬ್ದ ಒಂದು ಸ್ವಲ್ಪ ಕುಗ್ಗುತ್ತದೆ, ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ, ಬಾನೆಟ್ ಒಂದು ಕೂದಲೆಳೆ ಮೇಲೆ ಏಳುತ್ತದೆ. ಅಲ್ಲಿ ಕಾಲು ನಿಲ್ಲಬೇಕು. ಎರಡು ಸೆಕೆಂಡ್. ಗಾಡಿ ಉರುಳಲಿಕ್ಕೆ ಶುರುವಾದ ಮೇಲೆ ಉಳಿದದ್ದನ್ನು ಬಿಡುವುದು. ಅವನು ನನಗೆ ಮಾಡಿಸಿದ ಒಂದು ಅಭ್ಯಾಸ ಬಹಳ ಉಪಯೋಗ ಬಂತು. ಸಮತಟ್ಟಾದ ಜಾಗದಲ್ಲಿ ಎಕ್ಸಲೇಟರ್ ಮುಟ್ಟಲೇಬಾರದು, ಒಂದನೇ ಗೇರ್ ಹಾಕಿ ಕ್ಲಚ್ ಒಂದರಲ್ಲೇ ಗಾಡಿ ಎತ್ತಬೇಕು. ಹತ್ತು ಅಡಿ ಹೋಗಿ ಕ್ಲಚ್ ಒತ್ತಿ ಬ್ರೇಕ್ ಹಾಕಿ ನಿಲ್ಲಬೇಕು, ಪುನಃ ಎತ್ತಬೇಕು. ಹಾಗೆ ಇಪ್ಪತ್ತು ಮೂವತ್ತು ಸಲ. ಮನೆಯಲ್ಲಿ ಯಾರಾದರೂ ಕಲಿಯುವವರಿದ್ದರೆ ಇದನ್ನು ಮೊದಲು ಮಾಡಿಸಿ. ಅವಸರದಲ್ಲಿ ರಸ್ತೆಗೆ ಇಳಿಸಬೇಡಿ.

ಆ ದಿನಗಳಲ್ಲಿ ಅವನು ನನಗೆ ಒಂದು ಗಟ್ಟಿ ಮಾತು ಆಡಿದವನಲ್ಲ. "ಇನ್ನೊಮ್ಮೆ ಉಸ್ತಾದ್." ಅಷ್ಟೇ. ಹನ್ನೊಂದನೇ ಸಲ ಆಫ್ ಆದಾಗಲೂ ಅದೇ ಸ್ವರ. ನಾನೇ ಸಿಟ್ಟು ಬಂದು ಸ್ಟೇರಿಂಗ್‌ಗೆ ಕೈ ಬಡಿದಾಗ ಮಾತ್ರ ಅವನು ಒಂದು ಮಾತು ಹೇಳಿದ. "ಭಯದಲ್ಲಿ ಇರುವಾಗ ಕಾಲಿಗೆ ಕಿವಿ ಕೇಳುವುದಿಲ್ಲ ಉಸ್ತಾದ್. ಸ್ವಲ್ಪ ಹೊತ್ತು ಸುಮ್ಮನೆ ಕೂತ್ಕೊಳ್ಳಿ, ನೀರು ಕುಡಿಯಿರಿ." ನಾನು ನೀರು ಕುಡಿದೆ. ಆ ಮಾತು ಅವನು ನನ್ನ ಕಾಲಿಗೆ ಮಾತ್ರ ಹೇಳಿದ್ದೋ, ಮೂರನೇ ತರಗತಿಯ ಆ ಹುಡುಗನ ನಾಲಗೆಗೂ ಸೇರಿಸಿ ಹೇಳಿದ್ದೋ, ನಾನು ಕೇಳಲಿಲ್ಲ. ಅವನೂ ಮುಂದೆ ಹೇಳಲಿಲ್ಲ.

ಗೇರ್ ಬದಲಾಯಿಸುವುದು ನನಗೆ ಅಷ್ಟು ಕಷ್ಟ ಆಗಲಿಲ್ಲ. ಈಗ ಮಕ್ಕಳ ಸೈಕಲಿನಲ್ಲೂ ಗೇರ್ ಬಂದಿರುವುದರಿಂದ ಅವರಿಗೆ ಇನ್ನೂ ಸುಲಭ. ಒಂದನೇ ಗೇರಿನಲ್ಲಿ ಎಂಜಿನ್ ಹಲವು ಸುತ್ತು ತಿರುಗಿ ಚಕ್ರವನ್ನು ಸ್ವಲ್ಪ ತಿರುಗಿಸುತ್ತದೆ. ಶಕ್ತಿ ಜಾಸ್ತಿ, ಓಟ ಕಮ್ಮಿ. ಮೇಲಿನ ಗೇರಿನಲ್ಲಿ ಉಲ್ಟಾ. ನಮ್ಮ ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ ಸುಮಾರು ಹದಿನೈದು ಕಿಲೋಮೀಟರ್ ವೇಗಕ್ಕೆ ಎರಡನೇ ಗೇರ್, ಮೂವತ್ತರ ಹತ್ತಿರ ಮೂರು, ನಲವತ್ತು ದಾಟಿದರೆ ನಾಲ್ಕು, ಖಾಲಿ ಹೈವೇಯಲ್ಲಿ ಮಾತ್ರ ಐದು ಎಂದು ಅಂದಾಜು ಹೇಳಬಹುದು. ಆದರೆ ಮೀಟರ್ ನೋಡಿ ಗೇರ್ ಹಾಕುವವನು ರಸ್ತೆ ನೋಡುವುದು ಯಾವಾಗ? ಇಲ್ಲಿಯೂ ಕಿವಿಯೇ ಬೇಕು. ಎಂಜಿನ್ ಕಿರುಚುತ್ತಾ ಉಂಟಾ, ಮೇಲಿನ ಗೇರ್ ಕೇಳುತ್ತಾ ಉಂಟು. ಗುಡುಗುಡು ಎಂದು ಮೈ ನಡುಗಿಸುತ್ತಾ ಉಂಟಾ, ಕೆಳಗಿನ ಗೇರ್ ಬೇಕು. ಕಣ್ಣು ಗೇರಿನ ಕಡ್ಡಿಯ ಮೇಲೆ ಹೋಗಲೇಬಾರದು. ನಾನು ಮೊದಲ ವಾರ ಪ್ರತೀ ಸಲ ಬಗ್ಗಿ ನೋಡುತ್ತಿದ್ದೆ, ಅವನು ಒಂದು ಕರವಸ್ತ್ರ ತೆಗೆದು ಗೇರಿನ ಗುಂಡಿನ ಮೇಲೆ ಹೊದಿಸಿಬಿಟ್ಟ.

ಒಂದು ತಪ್ಪು ನಾವೆಲ್ಲ ಮಾಡುವುದು ಉಂಟು. ಗೇರ್ ಹಾಕಿ ಆದ ಮೇಲೂ ಎಡಗಾಲನ್ನು ಕ್ಲಚ್ ಮೇಲೆ ವಿಶ್ರಾಂತಿಗೆ ಇಡುವುದು. ಪಾದದ ಭಾರಕ್ಕೆ ಪ್ಲೇಟ್ ಅರ್ಧ ಜಾರುತ್ತಾ ಇರುತ್ತದೆ, ಉಜ್ಜಿ ಉಜ್ಜಿ ಸವೆಯುತ್ತದೆ. ಸಂಜೆ ಹೊತ್ತು ನೇತ್ರಾವತಿ ಸೇತುವೆಯ ಮೇಲೆ ಗಾಡಿಗಳು ಇರುವೆ ಸಾಲಿನ ಹಾಗೆ ತೆವಳುವಾಗ ಮೂಗಿಗೆ ಸುಟ್ಟ ವಾಸನೆ ಬರುತ್ತದಲ್ಲ, ಅದರಲ್ಲಿ ಅರ್ಧ ಹೀಗೆ ಸುಟ್ಟ ಕ್ಲಚ್ಚಿನದ್ದು. ಮುಂದಿನ ಗಾಡಿ ನಿಂತರೆ ನ್ಯೂಟ್ರಲ್‌ಗೆ ತಂದು ಕಾಲು ತೆಗೆದು ಬ್ರೇಕಿನಲ್ಲಿ ನಿಲ್ಲಬೇಕು. ಕ್ಲಚ್ ಸೆಟ್ ಬದಲಾಯಿಸಲು ಗೇರ್ ಬಾಕ್ಸ್ ಇಳಿಸಬೇಕಾಗುತ್ತದೆ. ಆ ಬಿಲ್ಲು ಕಂಡರೆ ಕಾಲು ತಾನಾಗಿ ಸರಿಯುತ್ತದೆ.

ಬ್ರೇಕಿನ ವಿಷಯ ಎಲ್ಲರಿಗೂ ಗೊತ್ತಿದೆ ಎಂದು ಎಲ್ಲರೂ ತಿಳಿದುಕೊಂಡಿರುತ್ತಾರೆ. ಒತ್ತಿದರೆ ನಿಲ್ಲುತ್ತದೆ, ಅದರಲ್ಲಿ ಕಲಿಯಲಿಕ್ಕೆ ಎಂತ ಉಂಟು ಎಂದು ನಾನೂ ಅಂದುಕೊಂಡಿದ್ದೆ. ಒಂದು ದಿನ ಎದುರಿಗೆ ನಾಯಿ ಅಡ್ಡ ಬಂತು. ನಾನು ಗಾಬರಿಯಲ್ಲಿ ಮೊದಲು ಒತ್ತಿದ್ದು ಕ್ಲಚ್. ಗಾಡಿ ನಿಧಾನ ಆಗುವ ಬದಲು ಹಗುರಾಗಿ ಮುಂದಕ್ಕೆ ತೇಲಿದ ಹಾಗಾಯಿತು. ಪಕ್ಕದಿಂದ ಅವನು ಬ್ರೇಕ್ ಒತ್ತಿದ. ಆಮೇಲೆ ಹೇಳಿದ, ಓಡುವ ಗಾಡಿಯಲ್ಲಿ ಎಕ್ಸಲೇಟರ್ ಬಿಟ್ಟ ಕೂಡಲೇ ಎಂಜಿನ್ನೇ ಚಕ್ರವನ್ನು ಹಿಡಿದು ಎಳೆಯುತ್ತದೆ, ಅದು ಒಂದು ಬ್ರೇಕ್. ಕ್ಲಚ್ ಮೊದಲು ಒತ್ತಿದರೆ ಆ ಹಿಡಿತ ತಪ್ಪಿಹೋಗುತ್ತದೆ. ಮೊದಲು ಬ್ರೇಕ್, ಗಾಡಿ ಚೆನ್ನಾಗಿ ನಿಧಾನ ಆಗಿ ಇನ್ನೇನು ಆಫ್ ಆಗುತ್ತದೆ ಎನ್ನುವಾಗ ಕ್ಲಚ್. ತೆವಳುವ ವೇಗದಲ್ಲಿ ಇರುವಾಗ ಮಾತ್ರ ಎರಡೂ ಒಟ್ಟಿಗೆ.

ಇನ್ನೊಂದು ಲೆಕ್ಕ ಅವನು ಹೇಳಿದ್ದನ್ನು ನಾನು ಮನೆಗೆ ಬಂದು ಕಾಗದದಲ್ಲಿ ಮಾಡಿ ನೋಡಿದೆ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಮಗು ರಸ್ತೆಗೆ ಓಡಿಬಂದದ್ದು ಕಣ್ಣಿಗೆ ಬಿದ್ದು, ಬಲಗಾಲು ಬ್ರೇಕಿಗೆ ಹೋಗಿ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋದರೂ ಬ್ರೇಕ್ ಹಿಡಿಯುವ ಮೊದಲೇ ಗಾಡಿ 17 ಮೀಟರ್ ಮುಂದೆ ಹೋಗಿಯಾಗಿರುತ್ತದೆ. ನಮ್ಮ ಮದ್ರಸದ ಗೇಟಿನಿಂದ ರಸ್ತೆಗೆ ಅಷ್ಟು ಜಾಗ ಇಲ್ಲ. ಅದರ ಮೇಲೆ, ವೇಗ ಎರಡು ಪಟ್ಟು ಆದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು ಆಗುತ್ತದೆ. ಎರಡು ಪಟ್ಟು ಅಲ್ಲ. ಬೆಳಿಗ್ಗೆ ಏಳು ಗಂಟೆಗೆ ಮಕ್ಕಳು ತಲೆಗೆ ಟೊಪ್ಪಿ, ಮಕ್ಕನ ಸರಿಮಾಡಿಕೊಳ್ಳುತ್ತಾ ರಸ್ತೆ ದಾಟುವುದನ್ನು ನಾನು ಇಪ್ಪತ್ತು ವರ್ಷದಿಂದ ನೋಡಿದವನು, ಈ ಲೆಕ್ಕ ಮಾಡಿದ್ದು ಆವತ್ತೇ ಮೊದಲು.

ನಮ್ಮ ಕಡೆಯ ಮಳೆಗಾಲಕ್ಕೆ ಬೇರೆಯೇ ಪಾಠ ಬೇಕು. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಕಲಸಿ ಸಾಬೂನಿನ ಹಾಗೆ ಆಗುತ್ತದೆ. ಗುಡ್ಡ ಕಡಿದ ಜಾಗದಲ್ಲಿ ಕೆಂಪು ಮಣ್ಣು ಇಳಿದು ಬಂದಿರುತ್ತದೆ. ಅಲ್ಲಿ ಫಕ್ಕನೆ ಬ್ರೇಕ್ ತುಳಿದರೆ ಚಕ್ರ ತಿರುಗುವುದು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ, ಸ್ಟೇರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಹೊಸ ಕಾರುಗಳಲ್ಲಿ ಎಬಿಎಸ್ ಎಂಬ ವ್ಯವಸ್ಥೆ ಇರುವುದರಿಂದ ಚಕ್ರ ಹಾಗೆ ಹಿಡಿದುಕೊಳ್ಳುವುದಿಲ್ಲ. ಬ್ರೇಕ್ ಒತ್ತುವಾಗ ಕಾಲಿಗೆ ಕಟಕಟ ಎಂದು ತಟ್ಟಿದರೆ ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಇಡಬೇಕು. ನಮ್ಮದರ ಹಾಗೆ ಹಳೆಯ ಗಾಡಿಯಾದರೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸಬೇಕು. ತೋಡು ಉಕ್ಕಿ ರಸ್ತೆಗೆ ಬಂದ ನೀರು ದಾಟಿ ಆಚೆ ಹೋದ ಮೇಲೆ ಬ್ರೇಕ್ ಹಿಡಿಯುತ್ತದಾ ಎಂದು ಮೆಲ್ಲ ಎರಡು ಮೂರು ಸಲ ಒತ್ತಿ ನೋಡಬೇಕು. ಒದ್ದೆ ಆದ ಬ್ರೇಕ್ ಹಾಗೆ ಒತ್ತಿದ ಬಿಸಿಗೇ ಒಣಗುತ್ತದೆ.

ಘಾಟಿ ಇಳಿಯುವುದನ್ನು ನಾನು ಕಲಿತದ್ದು ಬಹಳ ಆಮೇಲೆ, ಆದರೆ ಇಲ್ಲಿಯೇ ಹೇಳಿಬಿಡುತ್ತೇನೆ. ರಜೆ ಸಿಕ್ಕಿದರೆ ನಮ್ಮವರಿಗೆ ಚಿಕ್ಕಮಗಳೂರು, ಕೊಟ್ಟಿಗೆಹಾರ. ಹತ್ತುವಾಗ ಎಲ್ಲರೂ ಜಾಗ್ರತೆ. ಇಳಿಯುವಾಗ "ಪೆಟ್ರೋಲ್ ಉಳಿಯಲಿ" ಎಂದು ನ್ಯೂಟ್ರಲ್ ಹಾಕುವವರು, ಎಂಜಿನ್ನೇ ಆಫ್ ಮಾಡುವವರು ಇವತ್ತಿಗೂ ಇದ್ದಾರೆ. ಇದರಷ್ಟು ದೊಡ್ಡ ಹುಚ್ಚು ಬೇರೆ ಇಲ್ಲ ಮಾರಾಯ್ರೆ. ಬ್ರೇಕ್ ಪೆಡಲ್ ಅಷ್ಟು ಹಗುರ ಇರುವುದು ಎಂಜಿನ್ ಓಡುತ್ತಾ ಇರುವುದರಿಂದ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗ್ ಇದ್ದರೆ ಅದೂ ಭಾರ. ಇನ್ನು ನ್ಯೂಟ್ರಲ್‌ನಲ್ಲಿ ಇಳಿದರೆ ಪೂರ್ತಿ ಗಾಡಿಯ ಭಾರ ಬ್ರೇಕ್ ಒಂದರ ಮೇಲೆ. ತಿರುವಿನಿಂದ ತಿರುವಿಗೆ ಒತ್ತುತ್ತಾ ಬಂದರೆ ಬ್ರೇಕ್ ಕಾದು ವಾಸನೆ ಬರುತ್ತದೆ, ಮತ್ತೂ ಕಾದರೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಚಾರ್ಮಾಡಿಯಲ್ಲಿ ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್ ಎಂದು ಹಳೆಯ ಲಾರಿ ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ. ಎರಡನೇ ಗೇರಿನಲ್ಲಿ ಎಂಜಿನ್ ತಾನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ, ತಿರುವಿನ ಮೊದಲು ಬ್ರೇಕ್ ಸ್ವಲ್ಪ ಸಾಕು. ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ತಣ್ಣಗಾಗಲು ಬಿಡಿ. ಚಕ್ರಕ್ಕೆ ನೀರು ಹೊಯ್ಯಬೇಡಿ. ಚಾ ಕುಡಿಯಿರಿ.

ನಮ್ಮ ಗಲ್ಫ್ ಹುಡುಗರ ಬಗ್ಗೆಯೂ ಎರಡು ಮಾತು. ಅಲ್ಲಿ ನಾಲ್ಕು ವರ್ಷ ಗಾಡಿ ಓಡಿಸಿದವರು ಊರಿಗೆ ಬಂದ ಮೊದಲ ವಾರ ಅಂಗಳದಿಂದ ಹೊರಗೆ ಬರುವಾಗ ನೋಡಬೇಕು. ಅಲ್ಲಿ ಸ್ಟೇರಿಂಗ್ ಎಡಕ್ಕೆ, ಗಾಡಿ ರಸ್ತೆಯ ಬಲಕ್ಕೆ. ಇಲ್ಲಿ ಎಲ್ಲ ಉಲ್ಟಾ. ಇಂಡಿಕೇಟರ್ ಹಾಕಲು ಹೋಗಿ ಬಿಸಿಲಿನಲ್ಲಿ ವೈಪರ್ ಓಡಿಸುತ್ತಾರೆ. ಅದು ನಗುವ ವಿಷಯ. ನಗಲಾಗದ ವಿಷಯ ಎಂದರೆ ಅಲ್ಲಿ ಹೆಚ್ಚಿನವರು ಓಡಿಸಿದ್ದು ಆಟೋಮ್ಯಾಟಿಕ್. ಯುಎಇಯಲ್ಲಿ ಆಟೋಮ್ಯಾಟಿಕ್ ಗಾಡಿಯಲ್ಲಿ ಟೆಸ್ಟ್ ಕೊಟ್ಟವರ ಲೈಸೆನ್ಸಿನಲ್ಲಿ ಅದನ್ನೇ ನಮೂದಿಸುತ್ತಾರೆ, ಅದರಲ್ಲಿ ಗೇರಿನ ಗಾಡಿ ಓಡಿಸುವಂತಿಲ್ಲ. ಎಡಗಾಲಿಗೆ ನಾಲ್ಕು ವರ್ಷ ಕೆಲಸವೇ ಇರಲಿಲ್ಲ. ಅದು ಗಾಬರಿಯಾದಾಗ ಕ್ಲಚ್ಚನ್ನು ಮರೆಯುತ್ತದೆ. ಊರಿಗೆ ಬಂದ ಮರುದಿನವೇ ಕುಟುಂಬ ಸಮೇತ ಹೊರಡುವ ಬದಲು ಒಂದು ಬೆಳಿಗ್ಗೆ ಖಾಲಿ ಮೈದಾನದಲ್ಲಿ ಎರಡು ಸುತ್ತು ಹಾಕಿದರೆ ಮರ್ಯಾದೆಯೇನೂ ಕಮ್ಮಿ ಆಗುವುದಿಲ್ಲ.

ನಮ್ಮ ಬ್ಯಾಚಿನಲ್ಲಿ ಒಬ್ಬ ತಾಯಿಯೂ ಇದ್ದರು. ಗಂಡ ದಮ್ಮಾಮಿನಲ್ಲಿ, ಮೂವರು ಮಕ್ಕಳು, ಅಂಗಳದಲ್ಲಿ ಕಾರು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಹೊತ್ತಿನಲ್ಲಿ ಕ್ಲಾಸಿಗೆ ಬರುತ್ತಿದ್ದರು. "ಹೆಂಗಸರಿಗೆ ಯಾಕೆ ಇದೆಲ್ಲ" ಎಂದು ಯಾರೋ ನನ್ನ ಹತ್ತಿರ ಬಂದು ಹೇಳಿದರು, ನಾನು ಹೌದು ಎನ್ನುತ್ತೇನೆ ಎಂದು ನಂಬಿಕೊಂಡು. ಸೌದಿಯಲ್ಲೇ 2018ರ ಜೂನ್‌ನಿಂದ ಹೆಂಗಸರು ಓಡಿಸುತ್ತಿದ್ದಾರೆ ಮಾರಾಯ್ರೆ, ಆ ತಂಗಿಯ ಮಗುವಿಗೆ ರಾತ್ರಿ ಜ್ವರ ಬಂದರೆ ನೀವು ಬಂದು ಓಡಿಸುತ್ತೀರಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಅವರಿಗೆ ಕ್ಲಚ್ ನಾಲ್ಕೇ ದಿನದಲ್ಲಿ ಹಿಡಿತಕ್ಕೆ ಬಂತು. ನನಗಿಂತ ಮೊದಲು ಪಾಸಾದದ್ದೂ ಅವರೇ.

ಹೌದು, ನಾನು ಮೊದಲ ಸಲ ಫೇಲ್. ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಬಾರದ ಹಾಗೆ ಎತ್ತಬೇಕಿತ್ತು. ನನ್ನದು ನಾಲ್ಕು ಅಡಿ ಹಿಂದಕ್ಕೆ ಉರುಳಿತು, ಆಮೇಲೆ ಆಫ್. ಮದ್ರಸಕ್ಕೆ ಬಂದರೆ ಮಕ್ಕಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಐದನೇ ತರಗತಿಯ ಒಬ್ಬ ಪುಟ್ಟ ಎದ್ದು ನಿಂತು, "ಉಸ್ತಾದ್, ಪರವಾಗಿಲ್ಲ, ಇನ್ನೊಮ್ಮೆ ಬರೆಯಬಹುದಲ್ವಾ?" ಎಂದು ಕೇಳಿದ. ಬರೆಯಬಹುದು, ಏಳು ದಿನ ಕಳೆದ ಮೇಲೆ ಎಂದೆ. ಆ ಏಳು ದಿನವೂ ನಾನು ಮಸೀದಿ ಎದುರಿನ ಏರಿನಲ್ಲಿ ಹಳೆಯ ವಿದ್ಯಾರ್ಥಿಯನ್ನು ಪಕ್ಕ ಕೂರಿಸಿಕೊಂಡು ಒಂದೇ ಪಾಠ ಮಾಡಿದೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲುವುದು, ಒಂದನೇ ಗೇರ್, ಎಕ್ಸಲೇಟರ್ ಸ್ವಲ್ಪ, ಕ್ಲಚ್ ಮೇಲೆ ಬರುತ್ತಾ ಬಾನೆಟ್ ಏಳುವವರೆಗೆ ಕಾಯುವುದು, ಆಗ ಹ್ಯಾಂಡ್‌ಬ್ರೇಕ್ ಇಳಿಸುವುದು. ಬಾನೆಟ್ ಏಳುವ ಮೊದಲು ಕೈ ಇಳಿದರೆ ಗಾಡಿ ಹಿಂದಕ್ಕೆ ಬರುತ್ತದೆ. ಅಷ್ಟೇ ಗುಟ್ಟು. ಎರಡನೇ ಸಲ ಪಾಸ್. ಫೀಸು ಅವನ ಮಾಲಕರಿಗೆ ಮೊದಲೇ ಕಟ್ಟಿದ್ದೆ. ಆ ಏಳು ದಿನದ್ದು ಎಂದು ಅವನ ಕೈಗೆ ಕೊಡಲು ಹೋದದ್ದನ್ನು ಅವನು ಮುಟ್ಟಲಿಲ್ಲ.

ಬೆತ್ತ ಈಗ ಎಲ್ಲಿ ಉಂಟು ಎಂದು ನನಗೂ ಸರಿಯಾಗಿ ನೆನಪಿಲ್ಲ. ಕಪಾಟಿನ ಹಿಂದೆ ಎಲ್ಲಿಯೋ ಇರಬೇಕು.

ಮೊನ್ನೆ ಉಮ್ಮನನ್ನು ತಿಂಗಳ ಚೆಕಪ್‌ಗೆ ಕರಕೊಂಡು ಹೋದೆ. ಹೊರಡುವ ಮೊದಲು ಗಾಡಿಗೆ ಒಂದು ಸುತ್ತು ಬಂದು ಹಿಂದೆ ಮಕ್ಕಳು ಯಾರೂ ಇಲ್ಲ ಎಂದು ನೋಡಿದೆ, ಗೇರಿನ ಕಡ್ಡಿ ಅಲ್ಲಾಡಿಸಿ ನ್ಯೂಟ್ರಲ್ ನೋಡಿದೆ, ಕ್ಲಚ್ ಪೂರ್ತಿ ಒತ್ತಿ ಕೀ ತಿರುಗಿಸಿದೆ. ಉಮ್ಮ ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಸಿದ್ದಕ್ಕೆ ಸ್ವಲ್ಪ ಮುನಿಸು. ದೇರಳಕಟ್ಟೆ ಮುಟ್ಟುವ ಮೊದಲಿನ ಏರಿನಲ್ಲಿ ಬಸ್ಸೊಂದು ನಿಂತಿತು, ಅದರ ಹಿಂದೆ ನಾನೂ ನಿಂತೆ, ನನ್ನ ಹಿಂದೆ ಒಂದು ರಿಕ್ಷಾ ಮೂಗು ತಾಗಿಸಿ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದೆ. ಬಸ್ ಹೊರಟಿತು. ಬಾನೆಟ್ ಏಳುವವರೆಗೆ ಕಾದು ಕೈ ಇಳಿಸಿದೆ, ಗಾಡಿ ಒಂದು ಇಂಚು ಹಿಂದಕ್ಕೆ ಹೋಗದೆ ಮುಂದಕ್ಕೆ ಹೋಯಿತು. ಉಮ್ಮನಿಗೆ ಅದೆಲ್ಲ ಗೊತ್ತಾಗಲಿಲ್ಲ. ಅವರು ಬಾಗಿಲಿನ ಹಿಡಿಯನ್ನು ಗಟ್ಟಿ ಹಿಡಿದುಕೊಂಡು, "ಮೆಲ್ಲ ಮೋನೆ, ಮೆಲ್ಲ" ಎನ್ನುತ್ತಾ, ತಮ್ಮ ಕಾಲಿನ ಬುಡದಲ್ಲಿ ಇಲ್ಲದ ಬ್ರೇಕನ್ನು ಆಸ್ಪತ್ರೆಯ ಗೇಟಿನವರೆಗೂ ಒತ್ತುತ್ತಲೇ ಇದ್ದರು.